ಖಾಲಿ ಪಿಕಪ್ಪಿನಿಂದ ಇಳಿಯುವವರು

ಖಾಲಿ ಗಾಡಿಯ ಹಿಂಬದಿಗೆ ನಿಂತು ನಮ್ಮ ಯಜಮಾನರು "ಇಳೀರೆಪಾ, ಎಲ್ಲಾರೂ ಇಳೀರಿ" ಎಂದು ಹೇಳಿದ್ದನ್ನು ನಾನು ಹಾಡಹಗಲಿನಲ್ಲಿ ಕಣ್ಣಾರೆ ಕಂಡಿದ್ದೇನೆ ಎಂಬ ಸಂಗತಿಯನ್ನು ಈ ಮೂಲಕ ಓದುಗರ ಗಮನಕ್ಕೆ ತರಬಯಸುತ್ತೇನೆ.

ಗಾಡಿಯಲ್ಲಿ ಯಾರೂ ಇರಲಿಲ್ಲ. ಒಂದು ಗೋಣಿಚೀಲ, ಸುತ್ತಿಟ್ಟ ಹಗ್ಗ, ಮೂಲೆಯಲ್ಲಿ ಜಜ್ಜಿಹೋದ ಟೊಮೆಟೊ. ಅಷ್ಟೇ.

ಆದರೂ ಅವರು ಹಿಂದಿನ ಬಾಗಿಲಿನ ಕೊಂಡಿ ಬಿಚ್ಚಿ, ಬಾಗಿಲನ್ನು ಕೆಳಗಿಳಿಸಿ, ಒಂದು ಬದಿಗೆ ಸರಿದು ದಾರಿ ಬಿಟ್ಟು ನಿಂತಿದ್ದರು. ಮದುವೆ ಮನೆಯ ಮುಂದೆ ಬೀಗರನ್ನು ಇಳಿಸಿಕೊಳ್ಳುವವರು ನಿಲ್ಲುತ್ತಾರಲ್ಲ, ಹಾಗೆ. ಸ್ವಲ್ಪ ಹೊತ್ತು ಕಾದರು. ಯಾರೋ ವಯಸ್ಸಾದವರು ತಡಮಾಡುತ್ತಿದ್ದಾರೆ ಎಂಬಂತೆ ಮತ್ತೂ ಸ್ವಲ್ಪ ಕಾದರು. ಬಳಿಕ ಬಾಗಿಲು ಹಾಕಿ, ಬಂದು ಕುಳಿತು, ಗಾಡಿಯನ್ನು ಚಾಲೂ ಮಾಡಿದರು.

ಅದಕ್ಕೆ ಮುಂಚೆ ಅದೇ ಏರಿನಲ್ಲಿ ಅದೇ ಗಾಡಿ ಮುಂದಕ್ಕೆ ಹೋಗಲು ಒಲ್ಲೆ ಎಂದಿತ್ತು. ಎಂಜಿನ್ ಅರಚುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. ಕೂದಲು ಸುಟ್ಟಂಥ ವಾಸನೆ ಮೂಗಿಗೆ ಅಡರಿತ್ತು. ಹಿಂದಿನಿಂದ ಯಾರೋ ಹಿಡಿದು ಜಗ್ಗಿದ ಹಾಗಿತ್ತು. ಈಗ ಏನೂ ನಡೆದೇ ಇಲ್ಲವೆಂಬಂತೆ ಗಾಡಿ ಏರನ್ನು ಹತ್ತಿತು.

ಮಾನ್ಯರೇ, ತಾವೇ ಹೇಳಿ. ಪಕ್ಕದಲ್ಲಿ ಕುಳಿತ ಹೆಂಡತಿಯು ಏನೆಂದು ತಿಳಿಯಬೇಕು?

ಈ ಅಂಕಣಕ್ಕೆ ನಾನು ಹೊಸಬಳು. ಹಳಿಯಾಳದ ಒಂದು ಕಛೇರಿಯಲ್ಲಿ ಗುಮಾಸ್ತೆಯಾಗಿದ್ದು, ಕಛೇರಿಯ ಪತ್ರಗಳನ್ನು ಬಿಟ್ಟರೆ ಬೇರೇನನ್ನೂ ಬರೆದು ಅಭ್ಯಾಸವಿಲ್ಲ. ಆದುದರಿಂದ ಸಂಗತಿಗಳನ್ನು ನಡೆದ ಕ್ರಮದಲ್ಲಿಯೇ ನಿವೇದಿಸುತ್ತೇನೆ. ತಪ್ಪಿದ್ದಲ್ಲಿ ಮನ್ನಿಸಬೇಕು.

ನಮ್ಮ ಯಜಮಾನರ ಹೆಸರು ಈರಣ್ಣ. ಅವರ ಬಳಿ ಒಂದು ಪಿಕಪ್ ಇದೆ. ಕೊಳ್ಳುವಾಗಲೇ ಅದು ಹಳೆಯದು. ಈಗ ಇನ್ನೂ ಹಳೆಯದು. ಹಳಿಯಾಳದ ಮಾರ್ಕೆಟ್ಟಿನಿಂದ ತರಕಾರಿ, ಕಿರಾಣಿ, ತೊಳೆದ ಚಾದರಗಳು ಇತ್ಯಾದಿಗಳನ್ನು ತುಂಬಿಕೊಂಡು ದಾಂಡೇಲಿಯ ಮೇಲೆ ಹಾದು ಗಣೇಶಗುಡಿಯ ಹೋಮ್‌ಸ್ಟೇಗಳಿಗೆ ಮುಟ್ಟಿಸುವುದು ಅವರ ಕೆಲಸ. ಹೋಗುವಾಗ ಗಾಡಿ ತುಂಬಿರುತ್ತದೆ. ಬರುವಾಗ ಖಾಲಿ.

ಈ ಖಾಲಿ ಬರುವಿಕೆಯೇ ಪ್ರಸ್ತುತ ವಿಷಯ.

ಗಣೇಶಗುಡಿ ಬಿಟ್ಟು ಬರುವಾಗ ಕಾಡಿನೊಳಗೆ ಒಂದು ಉದ್ದನೆಯ ಏರಿದೆ. ಏರಿನ ನೆತ್ತಿಯಲ್ಲಿ ನಾಲ್ಕು ಗಾಡಿ ನಿಲ್ಲುವಷ್ಟು ಸಪಾಟು ಜಾಗ. ಅಲ್ಲಿ ನಿಂತರೆ ಮರಗಳ ಸಂದಿಯಲ್ಲಿ ಸೂಪಾ ಹಿನ್ನೀರಿನ ಒಂದು ತುಂಡು ಕಾಣುತ್ತದೆ. ಆ ದಾರಿಯ ಹಳೆಯ ಡ್ರೈವರುಗಳಲ್ಲಿ ಒಂದು ಪದ್ಧತಿಯುಂಟು. ಖಾಲಿ ಗಾಡಿ ತಂದವರು ಆ ಸಪಾಟು ಜಾಗದಲ್ಲಿ ನಿಲ್ಲಿಸಬೇಕು. ಹಿಂದಿನ ಬಾಗಿಲು ತೆರೆಯಬೇಕು. "ಇಳೀರಿ" ಎನ್ನಬೇಕು. ಬಳಿಕ ಮುಂದೆ ಹೋಗಬೇಕು.

ಇದನ್ನು ಯಜಮಾನರಿಗೆ ಹೇಳಿಕೊಟ್ಟವರು ಸಾವಂತ ಮಾಮಾ. ಇವರು ವಯಸ್ಸಾದ ಡ್ರೈವರ್. ಯಜಮಾನರ ಕೈಗೆ ಮೊದಲು ಸ್ಟೇರಿಂಗ್ ಕೊಟ್ಟವರು. ಈಗ ಗಣೇಶಗುಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರು ಹುಟ್ಟಿದ ಊರು ಹಿನ್ನೀರಿನ ಅಡಿಯಲ್ಲಿದೆ. ಒಮ್ಮೆ ಅವರ ಮಗಳ ಮನೆಯಲ್ಲಿ ಚಹಾ ಕುಡಿಯುತ್ತ ನಾನು ಈ ಪದ್ಧತಿಯ ಬಗ್ಗೆ ವಿಚಾರಿಸಿದ್ದೆ.

"ನೀರ ಬರೂಮುಂದ ಬದುಕಿದ್ದವರನ್ನ ಲಾರಿ ಬಂದು ಒಯ್ದವು, ಬಾಯಿ" ಎಂದರು ಅವರು; ಹೆಣ್ಣುಮಕ್ಕಳನ್ನು ಬಾಯಿ ಎಂದೇ ಕರೆಯುವುದು ಅವರ ರೂಢಿ. "ಸತ್ತವರಿಗೆ ಯಾರ ಲಾರಿ ಕಳಿಸ್ತಾರ? ಅವರು ಅಲ್ಲೇ ಉಳದ್ರು. ಖಾಲಿ ಗಾಡಿ ಕಂಡ್ರ ಹತ್ತತಾರ."

"ಹತ್ತಿ ಎಲ್ಲಿಗೆ ಹೋಗ್ತಾರ ಮಾಮಾ?"

"ದೂರ ಏನ ಹೋಗೂದಿಲ್ಲ. ಮ್ಯಾಲ ಇಳೀತಾರ. ನೀರ ನೋಡ್ತಾರ. ತಮ್ಮ ಮನಿ ಎಲ್ಲಿತ್ತು, ಹೊಲ ಎಲ್ಲಿತ್ತು ಅಂತ ನೋಡ್ತಾರ. ಆಮ್ಯಾಲ ನಡಕೊಂತ ಹೊಳ್ಳಿ ಹೋಗ್ತಾರ."

ಇದನ್ನು ಅವರು ಬಸ್ಸಿನ ವೇಳೆ ಹೇಳುವ ಧಾಟಿಯಲ್ಲಿ ಹೇಳಿದರು. ನನ್ನ ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

(ನನ್ನ ತವರು ಮುಂಡಗೋಡ ತಾಲ್ಲೂಕಿನ ಚಿಗಳ್ಳಿ. ನಮ್ಮ ಕಡೆಯೂ ಸತ್ತವರು ಇದ್ದಾರೆ. ಆದರೆ ಅವರು ಯಾರ ಗಾಡಿಯನ್ನೂ ಹತ್ತಿದ್ದನ್ನು ನಾನು ಕೇಳಿರಲಿಲ್ಲ.)

ಹೀಗೆ ವರ್ಷಗಟ್ಟಲೆ ನಡೆದುಕೊಂಡು ಬಂದಿತ್ತು. ಯಾರಿಗೂ ತೊಂದರೆಯಿರಲಿಲ್ಲ. ನಡುವೆ ಬಂದದ್ದು ಒಂದು ಡಬ್ಬಿ.

ಯಜಮಾನರಿಗೆ ಊಟ ಮಾಡುವಾಗ ಮೊಬೈಲಿನಲ್ಲಿ ಗಾಡಿಗಳ ವಿಡಿಯೊ ನೋಡುವ ಅಭ್ಯಾಸ. ಅದರಲ್ಲಿ ಟ್ಯೂನಿಂಗ್ ಬಾಕ್ಸ್ ಎಂಬುದನ್ನು ಕಂಡರು. ಅಂಗೈಯಗಲದ ಕಪ್ಪು ಡಬ್ಬಿ. ಬಾನೆಟ್ಟಿನೊಳಗೆ ಒಂದು ವೈರ್ ಕಿತ್ತು ಇದನ್ನು ನಡುವೆ ಸಿಕ್ಕಿಸಿದರೆ ಮುದಿ ಎಂಜಿನ್ನಿಗೆ ಪ್ರಾಯ ಬರುತ್ತದಂತೆ. ಹುಬ್ಬಳ್ಳಿಗೆ ಹೋಗಿ ಕೂರಿಸಿಕೊಂಡು ಬಂದರು. ಬಂದವರೇ ನನ್ನನ್ನು ಕೂರಿಸಿಕೊಂಡು ಹಳಿಯಾಳದ ಬೈಪಾಸಿನಲ್ಲಿ ಒಂದು ಸುತ್ತು ಹೊಡೆದರು.

"ಹೆಂಗೈತಿ? ಹುಲಿ ಆಗೇತಿಲ್ಲ?"

ಆಗಿದ್ದಿತು, ಸುಳ್ಳೇಕೆ ಹೇಳಲಿ? ಆಕ್ಸಿಲರೇಟರಿನ ಮೇಲೆ ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟುತ್ತಿತ್ತು. ನನಗೂ ಒಳಗೊಳಗೆ ಹೆಮ್ಮೆ. ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರನ್ನು ದಾಟಿದಾಗ ನಾನೇ ಹಿಂದಿರುಗಿ ನೋಡಿದೆ.

ಕೆಲವು ವಾರ ಸುಖವಾಗಿ ಕಳೆದವು. ಆಮೇಲೆ ಏರಿನಲ್ಲಿ ಗಾಡಿ ನಿಲ್ಲತೊಡಗಿತು. ನೆತ್ತಿಯ ಹತ್ತಿರ ಮೊದಲು. ನಂತರ ಅದಕ್ಕಿಂತ ಕೆಳಗೆ. ನಂತರ ಇನ್ನೂ ಕೆಳಗೆ. ಎಲ್ಲಿ ನಿಂತಿತೋ ಅಲ್ಲಿಯೇ ಯಜಮಾನರು ಇಳಿದು, ಬಾಗಿಲು ತೆರೆದು, "ಇಳೀರಿ" ಎನ್ನುವರು. ಕಾಯುವರು. ಗಾಡಿ ಹತ್ತುವುದು.

ನಾನು ಕಂಡದ್ದು ಅಂಥ ಒಂದು ದಿನ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಕೇಳಿಯೇಬಿಟ್ಟೆ.

"ರೀ, ಮೊದಲ ಹಿಂಗ ನಿಂದರತಿದ್ದಿಲ್ಲಲ್ಲ? ಈಗ ಯಾಕ?"

"ಈಗ ಗಾಡಿ ಜೋರ ಓಡತೈತಿಲ್ಲ, ಅವರಿಗೂ ಗೊತ್ತಾಗೇತಿ. ಬ್ಯಾರೆ ಗಾಡಿ ಬಿಟ್ಟು ಎಲ್ಲಾರೂ ನಮ್ಮ ಗಾಡಿನ ಕಾಯ್ತಾರ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಅವರ ಮುಖದಲ್ಲಿ ನಗು ಇರಲಿಲ್ಲ. ಜನಪ್ರಿಯ ಬಸ್ಸಿನ ಕಂಡಕ್ಟರನ ಮುಖದಲ್ಲಿರುವಂಥ ಆಯಾಸವಿತ್ತು.

ಸಾವಂತ ಮಾಮಾರಿಗೆ ಇದು ತಿಳಿದದ್ದು ಅದರ ಮುಂದಿನ ಭೇಟಿಯಲ್ಲಿ. ನಾನೂ ಜೊತೆಗಿದ್ದೆ. ಕಾರಣ, ಯಜಮಾನರ ತಂಗಿ ಗಂಗಾಳನ್ನು ಗಣೇಶಗುಡಿಗೆ ಕೊಟ್ಟಿದ್ದೇವೆ. ಅವಳಿಗೆ ದಿನ ತುಂಬುತ್ತ ಬಂದಿದ್ದು, ಬಾಣಂತನಕ್ಕೆ ಹಳಿಯಾಳಕ್ಕೆ ಕರೆತರುವ ಮಾತಾಡಲು ಹೋಗಿದ್ದೆವು. ಮಾಮಾ ಎಲ್ಲವನ್ನೂ ಕೇಳಿದರು.

"ಎಷ್ಟ್ ಮಂದಿ ಹತ್ತತಾರ ಅಂತಿ ಈರ್ಯಾ?"

"ಗಾಡಿ ತುಂಬ ಮಾಮಾ. ಜಗ್ಗೂದ ಆಗೂದಿಲ್ಲ."

"ಅಷ್ಟ್ ಮಂದಿ ನಮ್ಮ ಊರಾಗ ಇದ್ದಿದ್ದೇ ಇಲ್ಲೋ ಮಗಾ."

"ಬ್ಯಾರೆ ಊರವ್ರೂ ಇರಬೇಕು. ಊರ ಒಂದ ಮುಳಗೇತೇನು?"

ಮಾಮಾ ತಲೆ ಅಲ್ಲಾಡಿಸಿದರು. "ನಮ್ಮ ಮಂದಿ ಕುಂತ್ರ ಗಾಡಿ ಭಾರ ಆಗತದ. ಕುಂಯ್ ಅನಕೊಂತ ಹತ್ತತದ. ನಿಂದರಸೂದಿಲ್ಲ. ಗಾಡಿ ಹಿಡಕೊಂಡು ಯಾರ ನಿಂತಾರ, ಅವರು ನಮ್ಮವರಲ್ಲ. ಇವರು ಬ್ಯಾರೆ ಯಾರೋ."

ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಕೋಳಿಗಳು ಕೆದಕುತ್ತಿದ್ದವು. ನಮ್ಮ ಖಾಲಿ ಪಿಕಪ್ ಗೇಟಿನ ಬಳಿ ನಿಂತಿತ್ತು. ಅದರ ಕಡೆಗೆ ನೋಡುವ ಧೈರ್ಯ ನನಗಾಗಲಿಲ್ಲ.

ಆದರೆ ಮಾಮಾರ ಆ ಮಾತು ನನ್ನ ತಲೆಯಲ್ಲಿ ಬೇರೊಂದು ದಾರಿ ಹಿಡಿಯಿತು. ಭಾರವಾದರೆ ಎಂಜಿನ್ನಿನ ದನಿ ಇಳಿಯಬೇಕು, ಹೌದೇ? ನಮ್ಮ ಗಾಡಿಯ ದನಿ ಏರುತ್ತಿತ್ತಲ್ಲ?

ನನ್ನ ಹತ್ತಿರ ಒಂದು ಹೊಲಿಗೆ ಮಷಿನ್ ಇದೆ. ಅದರ ಬೆಲ್ಟ್ ಸಡಿಲವಾದಾಗ ಹೀಗೆಯೇ ಆಗುತ್ತದೆ. ಮೋಟರ್ ಗಿರ್ರೆಂದು ಸುತ್ತುತ್ತದೆ. ಸೂಜಿ ಮಾತ್ರ ಬಟ್ಟೆಯಲ್ಲಿ ಸಿಕ್ಕಿಕೊಂಡು ನಿಂತಿರುತ್ತದೆ. ಮೋಟರಿಗೆ ಏನೂ ಆಗಿಲ್ಲ, ಸೂಜಿಗೂ ಏನೂ ಆಗಿಲ್ಲ. ಎರಡನ್ನೂ ಕೂಡಿಸುವ ವಸ್ತು ಸವೆದಿದೆ. (ನಮ್ಮ ಕಛೇರಿಯಲ್ಲಿಯೂ ಮೇಲಿನಿಂದ ಜೋರು ಆದೇಶ ಬರುತ್ತದೆ, ಕೆಳಗೆ ಚಕ್ರ ತಿರುಗುವುದಿಲ್ಲ. ನಡುವೆ ಸವೆದಿರುವವರು ನಾವೇ ಎಂಬುದನ್ನು ವಿನಯಪೂರ್ವಕವಾಗಿ ಒಪ್ಪಿಕೊಳ್ಳುತ್ತೇನೆ.)

ಇದನ್ನು ಯಜಮಾನರಿಗೆ ಅರಿಕೆ ಮಾಡಿದೆ.

"ರವಕಿ ಹೊಲಿಯೂ ಮಷಿನ್‌ಗೂ ನನ್ನ ಗಾಡಿಗೂ ಜೋಡಿ ಮಾಡ್ತಿಯೇನ ನೀ?"

ಮಾತು ಅಲ್ಲಿಗೆ ಮುಗಿಯಿತು. ಆದರೆ ನಾನು ಬಿಡಲಿಲ್ಲ. ಕಛೇರಿಯ ಊಟದ ವೇಳೆಯಲ್ಲಿ ಸ್ಕೂಟಿ ಹತ್ತಿ ಮೌಲಾ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ನಮ್ಮ ಗಾಡಿಯ ಹೊಟ್ಟೆಯೊಳಗಿನದ್ದೆಲ್ಲ ಅವರಿಗೆ ಗೊತ್ತು. ಗಾಡಿಯ ಅಡಿಯಿಂದ ತಲೆ ಮಾತ್ರ ಹೊರಗೆ ಹಾಕಿ ಅವರು ನನ್ನ ಮಾತು ಕೇಳಿದರು.

"ಕ್ಲಚ್ ಪ್ಲೇಟ್ ಹೋಗೇತ್ರಿ ಅಕ್ಕಾರ. ಸ್ಲಿಪ್ ಹೊಡ್ಯಾಕತ್ತೈತಿ. ಆ ಡಬ್ಬಿ ಹಚ್ಚಬ್ಯಾಡ ಅಂತ ನಾ ಮದಲ ಹೇಳಿದ್ದೆ. ಈರಣ್ಣ ನನ್ನ ಮಾತ ಕೇಳ್ತಾನೇನ್ರಿ? ಮೊಬೈಲ್‌ನ್ಯಾಗಿನ ಹುಡುಗರ ಮಾತ ಕೇಳ್ತಾನ."

"ಡಬ್ಬಿಗೂ ಇದಕ್ಕೂ ಏನ್ ಸಂಬಂಧ?"

"ಅದು ಎಂಜಿನ್‌ಗೆ ಸುಳ್ಳ ಹೇಳತೈತ್ರಿ. ಡೀಸೆಲ್ ಕಡಿಮಿ ಬರಾಕತ್ತೈತಿ ಅಂತೈತಿ. ಎಂಜಿನ್ ಖರೇ ಅಂತ ತಿಳಕೊಂಡು ಜಾಸ್ತಿ ಹೊಡಿತೈತಿ. ಜೋರೇನ ಬರತೈತಿ. ಆ ಜೋರ ಹಿಡಕೊಂಡು ಗಾಲಿಗೆ ಮುಟ್ಟಸೂದು ಆ ಮುದಕ ಪ್ಲೇಟ್ ಅಲ್ಲೇನ್ರಿ? ಅದಕ್ಕ ತಡಕೊಳ್ಳಾಕ ಆಗೂದಿಲ್ಲ. ಕಾಯತೈತಿ, ಜಾರತೈತಿ, ಸುಟ್ಟ ವಾಸ್ನಿ ಬರತೈತಿ."

"ಮತ್ತ ಇಳೀರಿ ಅಂದ ಮ್ಯಾಲ ಹತ್ತತೈತಲ್ಲ?"

ಮೌಲಾ ಮಿಸ್ತ್ರಿ ನಕ್ಕರು. "ಇಳಸಿದ್ದಕ್ಕಲ್ರಿ, ನಿಂದರಸಿದ್ದಕ್ಕ ಹತ್ತತೈತಿ. ಅಷ್ಟೊತ್ತಿಗೆ ಪ್ಲೇಟ್ ಆರತೈತಿ, ಮತ್ತ ಹಿಡಿತೈತಿ. ನೀವು ಕೆಳಗಿಳದು ಒಂದ್ ಕಪ್ ಚಹಾ ಕುಡದ್ರೂ ಹತ್ತತೈತಿ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಎಲ್ಲದಕ್ಕೂ ಲೆಕ್ಕ ಹತ್ತಿತ್ತು. ಸ್ಕೂಟಿಯ ಕೀ ತಿರುಗಿಸುವಾಗ ಅವರು ಮತ್ತೆ ತಲೆ ಹೊರಗೆ ಹಾಕಿದರು.

"ಖರೇ, ಆ ಏರಿನ್ಯಾಗ ನಾ ಅಂತೂ ಖಾಲಿ ಗಾಡಿ ಒಯ್ಯಂಗಿಲ್ರಿ ಅಕ್ಕಾರ. ಒಂದ್ ಸ್ಟೆಪ್ನಿ ಆದ್ರೂ ಹಿಂದ ಒಗದಿರತೇನಿ."

ನಾನು ಸ್ಕೂಟಿ ತಿರುಗಿಸಿಕೊಂಡು ಕಛೇರಿಗೆ ಮರಳಿದೆ.

ಯಜಮಾನರು ಮಾತ್ರ ಒಪ್ಪಲಿಲ್ಲ. ಗೇರ್‌ಬಾಕ್ಸ್ ಇಳಿಸಿ ಪ್ಲೇಟ್ ಬದಲಿಸುವವರೆಗೆ ಗಾಡಿ ಗ್ಯಾರೇಜಿನಲ್ಲಿ ಮಲಗಬೇಕಾಗುತ್ತದೆ. ಗಂಗಾಳನ್ನು ಗುರುವಾರವೇ ಕರೆತರಬೇಕೆಂದು ನಮ್ಮ ಅತ್ತೆಯವರು ದಿನ ನೋಡಿಯಾಗಿದೆ. ಬೇರೆ ಗಾಡಿ ಮಾಡೋಣವೆಂದೆ. ಸ್ವಂತ ಗಾಡಿ ಇಟ್ಟುಕೊಂಡು ತಂಗಿಯನ್ನು ಬಾಡಿಗೆ ಗಾಡಿಯಲ್ಲಿ ತಂದ ಎಂದು ಬೀಗರು ಆಡಿಕೊಳ್ಳುತ್ತಾರೆಂದರು. ಡಬ್ಬಿಯನ್ನಾದರೂ ಕೀಳಿರೆಂದೆ.

"ಇಷ್ಟ ದಿನಾ ಇಳಿಸಿದ ಮ್ಯಾಲ ಹತ್ತೇತಿಲ್ಲ? ಗುರುವಾರನೂ ಹತ್ತತೈತಿ."

ಇಲ್ಲಿ ಒಂದು ಮಾತನ್ನು ಓದುಗರ ಅವಗಾಹನೆಗೆ ತರಲೇಬೇಕು. ಫಲ ಕೊಡದ ಮದ್ದನ್ನು ಜನ ಎರಡು ದಿನಕ್ಕೆ ಬಿಡುತ್ತಾರೆ. ತಪ್ಪು ಮದ್ದಾಗಿದ್ದೂ ಫಲ ಕೊಡುವಂಥದ್ದನ್ನು ಬಿಡಿಸುವುದು ಹೇಗೆ? ಅವರು ಇಳಿಯಿರಿ ಎನ್ನುತ್ತಿದ್ದರು, ಗಾಡಿ ಏರುತ್ತಿತ್ತು. ನಾನು ಬೆಲ್ಟಿನ ಮಾತಾಡುತ್ತಿದ್ದೆ. ಪುರಾವೆ ಇದ್ದದ್ದು ಅವರ ಕಡೆಗೇ ಅಲ್ಲವೇ?

ಗುರುವಾರ ಬಂತು. ಊಟ ಮುಗಿಸಿ, ಗಂಗಾಳಿಗೆ ಉಡಿ ತುಂಬಿಸಿಕೊಂಡು ಗಣೇಶಗುಡಿ ಬಿಟ್ಟೆವು. ಅವಳು ಮುಂದೆ ಅಣ್ಣನ ಪಕ್ಕದಲ್ಲಿ. ಹಿಂದೆ ಅವಳ ತಗಡಿನ ಟ್ರಂಕು, ಸುರುಳಿ ಸುತ್ತಿದ ಗಾದಿ, ನಾನು ಮತ್ತು ಸಾವಂತ ಮಾಮಾ. ಕಣ್ಣು ತೋರಿಸಲು ದಾಂಡೇಲಿಗೆ ಹೋಗಬೇಕೆಂದು ಅವರೂ ಹತ್ತಿದ್ದರು. (ಸರಕು ವಾಹನದ ಹಿಂಭಾಗದಲ್ಲಿ ಜನ ಕೂಡುವುದು ನಿಯಮಬಾಹಿರವೆಂಬುದು ನನಗೆ ತಿಳಿದಿದೆ. ಕ್ಷಮೆಯಿರಲಿ.)

ಏರಿನ ಅರ್ಧವನ್ನೂ ಮುಟ್ಟಲಿಲ್ಲ. ಎಂಜಿನ್ ಅರಚಿತು. ಆ ದನಿಯನ್ನು ಹಿಂದೆ ಕುಳಿತು ಕೇಳಿದರೆ ಬೇರೆಯೇ ಇರುತ್ತದೆ. ಗಂಟಲು ಹಿಸುಕಿಸಿಕೊಂಡವರ ಕೂಗಿನ ಹಾಗೆ. ಸುಟ್ಟ ಕೂದಲಿನ ವಾಸನೆ. ಗಾಡಿ ನಿಂತಿತು.

ಯಜಮಾನರು ಎಂಜಿನ್ ಬಂದ್ ಮಾಡಿ, ಗೇರಿನಲ್ಲಿ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದರು. ಹಿಂದೆ ಬಂದರು. ಕೊಂಡಿ ಬಿಚ್ಚಿ ಬಾಗಿಲು ಕೆಳಗಿಳಿಸಿದರು.

"ಇಳೀರೆಪಾ, ಎಲ್ಲಾರೂ ಇಳೀರಿ."

ಕಾಡಿನಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ನಾನು ಏಳಲು ಹೋದೆ.

"ರೀ, ನಾವೂ ಇಳೀಬೇಕೇನು?"

"ನೀವಲ್ಲ. ನೀವು ಕುಂದರ್ರಿ" ಎಂದರು. ಅವರ ಕಣ್ಣು ನನ್ನ ಮೇಲಿರಲಿಲ್ಲ. ನನಗೂ ಮಾಮಾರಿಗೂ ನಡುವಿನ ಖಾಲಿ ಜಾಗದ ಮೇಲಿತ್ತು.

ನಾನು ಕಾಲುಗಳನ್ನು ಮೈಗೆ ಎಳೆದುಕೊಂಡೆ. ದಾರಿ ಬಿಟ್ಟೆನೇ? ಬಿಟ್ಟೆ. ಕ್ಲಚ್ಚಿನ ವಿಷಯ ತಿಳಿದವಳೂ ನಾನೇ, ದಾರಿ ಬಿಟ್ಟವಳೂ ನಾನೇ.

"ಇಲ್ಲಿ ಯಾಕ ಇಳಸ್ತಿ ಈರ್ಯಾ?" ಮಾಮಾ ಕೇಳಿದರು. "ಇಲ್ಲಿಂದ ನೀರ ಕಾಣೂದಿಲ್ಲೋ. ಇಲ್ಲಿ ಇಳದು ಏನ ಮಾಡ್ತಾರ?"

ಆಗ ನನ್ನ ಬಲಕ್ಕಿದ್ದ ಸಾಗವಾನಿ ಮರ ಮುಂದಕ್ಕೆ ಹೊರಟಿತು. ಸದ್ದಿಲ್ಲದೆ, ನಿಧಾನವಾಗಿ. ಅದರ ಹಿಂದಿನ ಮರವೂ ಹೊರಟಿತು. ಮರಗಳೇಕೆ ನಡೆಯುತ್ತವೆ ಎಂದು ನಾನು ಯೋಚಿಸುತ್ತಿರುವಾಗಲೇ ಮುಂದಿನಿಂದ ಗಂಗಾ ಚೀರಿದಳು.

"ಅಣ್ಣಾ! ಗಾಡಿ ಹಿಂದ ಹೊಂಟೈತಿ!"

ಜಾರುವ ಪ್ಲೇಟ್ ಏರಲು ಹಿಡಿಯದಿದ್ದರೆ ನಿಲ್ಲಲಾದರೂ ಹೇಗೆ ಹಿಡಿದೀತು? ಗೇರಿನಲ್ಲಿ ಹಾಕಿದ್ದು ಉಪಯೋಗಕ್ಕೆ ಬರಲಿಲ್ಲ. ಹ್ಯಾಂಡ್‌ಬ್ರೇಕ್ ಮೊದಲಿನಿಂದಲೂ ಹೆಸರಿಗಷ್ಟೇ. ಎಡಕ್ಕೆ ಕಮರಿ. ಮುಂದೆ ತುಂಬು ಬಸುರಿ. ಹಿಂದೆ ಯಜಮಾನರು ಎರಡೂ ಕೈ ಒಡ್ಡಿ ಗಾಡಿಯನ್ನು ತಡೆಯಲು ನಿಂತಿದ್ದರು, ಎತ್ತನ್ನು ತಡೆಯುವವರ ಹಾಗೆ.

"ಸರೀರಿ! ರೀ, ಬಾಜೂಕ ಸರೀರಿ!"

ನಾನು ಎರಡೂ ಕಾಲುಗಳನ್ನು ಟ್ರಂಕಿಗೆ ಒಡ್ಡಿ ಒದ್ದೆ. ಅದು ಜಾರಿ, ತೆರೆದ ಬಾಗಿಲಿನ ಮೂಲೆಯಿಂದ ಉರುಳಿ, ಹಿಂದಿನ ಚಕ್ರದ ದಾರಿಗೆ ಬಿದ್ದಿತು. ತಗಡು ನುಗ್ಗಾಗುವ ಸದ್ದು. ಚಕ್ರ ಅದರ ಮೇಲೆ ಅರ್ಧ ಏರಿ ತಡೆಯಿತು. ಗಂಗಾ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕನ್ನು ಜಗ್ಗಿ ಹಿಡಿದಿದ್ದಳು. ಗಾಡಿ ನಿಂತಿತು.

ಒಡೆದ ಟ್ರಂಕಿನಿಂದ ಕೂಸಿಗೆಂದು ಹರಿದಿಟ್ಟ ಹಳೆಯ ಸೀರೆಯ ತುಂಡುಗಳು ರಸ್ತೆಯ ಮೇಲೆ ಹರಡಿದ್ದವು.

ಇನ್ನು ಮುಂದಿನ ಒಂದು ಸಂಗತಿಯನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಡೆದದ್ದನ್ನು ನಡೆದಂತೆ ಬರೆಯುವುದೇ ಸರಿಯೆಂದು ತೀರ್ಮಾನಿಸಿದ್ದೇನೆ.

ಎಂಜಿನ್ ಬಂದಾಗಿತ್ತು. ಗಾಡಿ ನಿಂತಿತ್ತು. ಮಾಮಾ ಹೇಗೋ ಇಳಿದು ಬಾಗಿಲಿನ ಪಕ್ಕ ನಿಂತಿದ್ದರು. ಯಜಮಾನರು ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟಿದ್ದರು. ಹಿಂದೆ ಉಳಿದವಳು ನಾನೊಬ್ಬಳೇ. ಆಗ ನನ್ನ ಅಡಿಯಲ್ಲಿ ಗಾಡಿ ಸ್ವಲ್ಪ ಮೇಲೆದ್ದಿತು. ಯಾರಾದರೂ ಇಳಿದಾಗ ಸ್ಪ್ರಿಂಗ್ ಪಟ್ಟಿಗಳು ಎದ್ದುಕೊಳ್ಳುತ್ತವಲ್ಲ, ಅಷ್ಟೇ. ತಡೆದು ಮತ್ತೊಮ್ಮೆ. ಮತ್ತೊಮ್ಮೆ.

ಚಕ್ರದ ಕೆಳಗಿನ ತಗಡು ಕುಸಿಯುತ್ತಿರಬಹುದೆಂದು ನಾನೇ ನನಗೆ ಸಮಜಾಯಿಷಿ ಕೊಟ್ಟುಕೊಂಡೆ. ಆದರೆ ತಗಡು ಕುಸಿದರೆ ಗಾಡಿ ಕೆಳಗಿಳಿಯಬೇಕು. ಅದು ಏಳುತ್ತಿತ್ತು.

ಮಾಮಾ ಒಂದು ಕೈ ಮುಂದೆ ಚಾಚಿದ್ದರು. ವಯಸ್ಸಾದವರಿಗೆ ಹಿಡಿದುಕೊಳ್ಳಲು ಕೊಡುವ ಹಾಗೆ, ಮೊಣಕೈ ಮಡಚಿ. "ಸಾವಕಾಶ" ಎನ್ನುತ್ತಿದ್ದರು. "ಸಾವಕಾಶ."

"ಯಾರು ಮಾಮಾ?" ಎಂದೆ.

ಅವರು ನನ್ನ ಕಡೆ ತಿರುಗಿದರು. ಪೊರೆ ಬಂದ ಕಣ್ಣುಗಳಲ್ಲಿ ನೀರಿತ್ತು.

"ಗುರ್ತ ಹತ್ತಲಿಲ್ಲ ಬಾಯಿ."

ಆಮೇಲಿನದ್ದು ಸರಳ. ಯಾವುದೋ ಹೋಮ್‌ಸ್ಟೇಯ ಜೀಪು ಬಂದು ಗಂಗಾಳನ್ನೂ ನನ್ನನ್ನೂ ಮಾಮಾರನ್ನೂ ಹತ್ತಿಸಿಕೊಂಡಿತು. ನಮ್ಮ ಗಾಡಿಯನ್ನು ಮರುದಿನ ಹಗ್ಗ ಕಟ್ಟಿ ಎಳೆದು ತಂದರು. ಯಜಮಾನರು ಮೊದಲು ಮಾಡಿದ ಕೆಲಸ ಆ ಡಬ್ಬಿಯನ್ನು ಕಿತ್ತದ್ದು. ಯಾರೂ ಹೇಳಲಿಲ್ಲ, ತಾವೇ ಕಿತ್ತರು. ಮೌಲಾ ಮಿಸ್ತ್ರಿ ಹಳೆಯ ಪ್ಲೇಟನ್ನು ಹೊರತೆಗೆದು ನನ್ನ ಕೈಗೆ ಕೊಟ್ಟರು. ಸುಟ್ಟ ರೊಟ್ಟಿಯ ಹಾಗೆ ಕಪ್ಪಗಾಗಿ ನುಣ್ಣಗಾಗಿತ್ತು. ಹಿಡಿಯಲು ಏನೂ ಉಳಿದಿರಲಿಲ್ಲ. ಹೊಸದು ಬಿತ್ತು. ಹ್ಯಾಂಡ್‌ಬ್ರೇಕೂ ಸರಿಯಾಯಿತು.

ಗಂಗಾಳಿಗೆ ಹೆಣ್ಣು ಕೂಸು. ಇಬ್ಬರೂ ಆರಾಮ. ನಮ್ಮ ನಡುಮನೆಯ ಪಕ್ಕದ ಕೋಣೆಯಲ್ಲಿ ಬಾಣಂತನ ನಡೆದಿದೆ. ಅತ್ತೆಯವರು ಎಣ್ಣೆ ನೀರು ಎಂದು ಓಡಾಡುತ್ತಿದ್ದಾರೆ.

ಡಬ್ಬಿಗಳ ಬಗ್ಗೆ ಒಂದು ಮಾತು ಹೇಳಿ ಮುಗಿಸಬೇಕೆಂದಿದ್ದೆ. ಹಳೆಯದಕ್ಕೆ ಜೋರು ತುಂಬುವ ಮುಂಚೆ ಆ ಜೋರನ್ನು ಹೊರುವುದು ಯಾವುದೆಂದು ಯಾರೂ ಕೇಳುವುದಿಲ್ಲ. ಗಾಡಿಗೂ ಅಷ್ಟೆ, ಮನುಷ್ಯರಿಗೂ ಅಷ್ಟೆ. ನಲವತ್ತು ದಾಟಿದವರು ಮೊಬೈಲಿನಲ್ಲಿ ವಿಡಿಯೊ ನೋಡಿ ಒಮ್ಮೆಲೇ ಓಡಲು ಹೊರಟು ಮಂಡಿ ಹಿಡಿದುಕೊಂಡು ಕೂರುವುದನ್ನು ನಮ್ಮ ಓಣಿಯಲ್ಲಿಯೇ ಕಂಡಿದ್ದೇನೆ. ಇಷ್ಟು ಬರೆದು ಸಹಿ ಹಾಕಿದ್ದರೆ ಇದೊಂದು ಒಪ್ಪುವ ಅಂಕಣವಾಗುತ್ತಿತ್ತು.

ಆದರೆ ಕಳೆದ ವಾರ ಇನ್ನೊಂದು ಸ್ವಲ್ಪ ನಡೆದಿದೆ.

ಗಾಡಿ ಈಗ ಆ ಏರನ್ನು ಒಂದೇ ಉಸಿರಿಗೆ ಹತ್ತುತ್ತದೆ. ಯಜಮಾನರು ಎಲ್ಲಿಯೂ ನಿಲ್ಲಿಸುವುದಿಲ್ಲ. ನೆತ್ತಿಯ ಸಪಾಟು ಜಾಗದಲ್ಲಿಯೂ ಇಲ್ಲ. ಆ ಗುರುವಾರದ ನಂತರ ಅವರಿಗೆ ಅಲ್ಲಿ ಗಾಡಿಯಿಂದ ಇಳಿಯಲು ಕಾಲು ಬರುವುದಿಲ್ಲವಂತೆ. "ನಿಂದರೂ ಜರೂರೇ ಇಲ್ಲಲ್ಲ ಈಗ" ಎನ್ನುತ್ತಾರೆ. ಹೌದು, ಜರೂರಿಲ್ಲ. ಗಣೇಶಗುಡಿ ಬಿಟ್ಟರೆ ಹಳಿಯಾಳದ ನಮ್ಮ ಅಂಗಳದಲ್ಲಿಯೇ ನಿಲ್ಲುವುದು.

ಶನಿವಾರ ಮಧ್ಯಾಹ್ನ ಅವರು ಬಂದು, ಗಾಡಿ ನಿಲ್ಲಿಸಿ, ಊಟಕ್ಕೆ ಒಳಗೆ ಹೋದರು. ನಾನು ಒಣಗಿದ ಕೂಸಿನ ಬಟ್ಟೆ ತೆಗೆಯಲು ಹೊರಗೆ ಬಂದಿದ್ದೆ. ಗಾಡಿ ಖಾಲಿಯಿತ್ತು. ಹಿಂಭಾಗ ನೆಲದ ಕಡೆಗೆ ಕುಸಿದಿತ್ತು, ಗೊಬ್ಬರದ ಚೀಲ ತುಂಬಿದಾಗ ಕುಸಿಯುವಷ್ಟು.

"ರೀ, ಹಿಂದ ಯಾಕ ಹಿಂಗ ಕುಂತೈತಿ?"

"ಪಟ್ಟಿ ಹಳೇವಾಗ್ಯಾವ" ಎಂದರು ಒಳಗಿನಿಂದ. ಹೊರಗೆ ಬಂದು ನೋಡಲಿಲ್ಲ.

ಇರಬಹುದು. ಪಟ್ಟಿಗಳು ಹಳೆಯವೇ. ಮೌಲಾ ಮಿಸ್ತ್ರಿಯನ್ನು ಕೇಳಿದರೆ ಅವರೂ ಅದನ್ನೇ ಹೇಳುತ್ತಾರೆ. ನಾನು ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಗಾಡಿಯ ಹಿಂದೆ ಹೋದೆ. ಕೊಂಡಿ ಬಿಚ್ಚಿ ಬಾಗಿಲು ಕೆಳಗಿಳಿಸಿದೆ. ಒಂದು ಬದಿಗೆ ಸರಿದು ನಿಂತೆ. ಒಳಗಿನ ಕೋಣೆಯಲ್ಲಿ ಕೂಸು ನಿದ್ದೆಯಿಂದ ಎದ್ದು ಅಳತೊಡಗಿತು.

ಇಲ್ಲಿಂದ ನಡೆದು ಹಿಂದಿರುಗುವಷ್ಟು ಹತ್ತಿರವಲ್ಲ ಆ ನೀರು. ಹೀಗಿರುವಾಗ ಇಳಿಯಿರಿ ಎಂದು ನಾನು ಬಾಯಿಬಿಟ್ಟು ಹೇಳಿದ್ದರೆ, ನಮ್ಮ ಮನೆಯೊಳಗಲ್ಲದೆ ಅವರು ಇನ್ನೆಲ್ಲಿಗೆ ಹೋಗುತ್ತಿದ್ದರು?